ಡೈಫೆನ್‌ಬೇಕಿಯಾ ಗಿಡ ಒಂದೇ ನಿಮಿಷದಲ್ಲಿ ಮಗುವನ್ನು ಕೊಲ್ಲುತ್ತದೆಯೇ?

ಎಲೆ ಮೇಲೆ ಬಿಳಿ ಮಚ್ಚೆಯಿರುವ ಕುಂಡದ ಗಿಡದ ಫೋಟೊ, ಜೊತೆಗೆ ‘ಇದು ಮಗುವನ್ನು ಒಂದೇ ನಿಮಿಷದಲ್ಲಿ ಕೊಲ್ಲುತ್ತದೆ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಇದು ಸುಳ್ಳು. ಹಾಗೆಂದು ಗಿಡ ಪೂರ್ತಿ ಸಾಧುವೂ ಅಲ್ಲ.

ಡೈಫೆನ್‌ಬೇಕಿಯಾ ನಮ್ಮ ಕೆಸು, ಸುವರ್ಣಗಡ್ಡೆಯ ಕುಟುಂಬದ್ದು. ಎಲೆ, ಕಾಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಅಗಿದರೆ ಬಾಯಿ ಉರಿಯುತ್ತದೆ, ನಾಲಿಗೆ ಊದುತ್ತದೆ. (ಸುವರ್ಣಗಡ್ಡೆ ಹೆಚ್ಚಿದವರಿಗೆ ಈ ತುರಿಕೆ ಗೊತ್ತು.) ಮಗು ಅಗಿದರೆ ಬಾಯಿ ಒರೆಸಿ, ತಣ್ಣನೆಯ ನೀರು ಅಥವಾ ಹಾಲು ಕೊಡಿ, ವಾಂತಿ ಮಾಡಿಸಬೇಡಿ. ಗಂಟಲು ಊದಿ ಉಸಿರಾಟ ಕಷ್ಟವಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಗಿಡ ಆಳೆತ್ತರ ಬೆಳೆದು, ಕೆಳಗಿನ ಎಲೆ ಉದುರಿ ವಾಲಿದೆಯೇ? ಕಿತ್ತೆಸೆಯಬೇಕಿಲ್ಲ. ಕೈಗವಸು ಹಾಕಿಕೊಂಡು, ಮಣ್ಣಿನಿಂದ ನಾಲ್ಕೈದು ಇಂಚು ಬಿಟ್ಟು ಕಾಂಡ ಕತ್ತರಿಸಿ. ಉಳಿದ ಗೆಣ್ಣುಗಳಿಂದ ಹೊಸ ಚಿಗುರು ಬರುತ್ತದೆ. ತುದಿಯನ್ನು ನೀರಲ್ಲಿಟ್ಟರೆ ಅದೂ ಬೇರು ಬಿಡುತ್ತದೆ. ಸೋರುವ ರಸ ಕಣ್ಣಿಗೆ ತಾಗಬಾರದು; ಕೈ, ಕತ್ತರಿ ತೊಳೆಯಿರಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಏಪ್ರಿಲ್–ಮೇ ಬಿಸಿಲಿನಲ್ಲಂತೂ ಈ ಕೆಲಸ ಬೇಡ, ಒಣಗಾಳಿಗೆ ತುಂಡು ಬಾಡುತ್ತದೆ. ಮಳೆ ಶುರುವಾಗಲಿ. ಗಿಡ ಬೇಗ ದೊಡ್ಡದಾಗಬಾರದೆಂದರೆ ಪದೇ ಪದೇ ದೊಡ್ಡ ಕುಂಡಕ್ಕೆ ಬದಲಿಸಬೇಡಿ.

ಕತ್ತರಿಸಿದ ಎಲೆಗಳನ್ನು ಬೀದಿಗೆ ಎಸೆಯಬೇಡಿ. ದನ, ಮೇಕೆ ಮೇಯ್ದರೆ ಅವುಗಳ ಬಾಯಿಯೂ ಊದುತ್ತದೆ.