ಹೊಳೆಯ ಚಿನ್ನ, ಬೆಟ್ಟದ ದ್ರಾಕ್ಷಿ

ಕ್ಯಾಲಿಫೋರ್ನಿಯಾದ ಕೊಲೋಮಾ, ಅಮೆರಿಕನ್ ನದಿಯ ದಂಡೆಯ ಪುಟ್ಟ ಊರು. 1848ರ ಜನವರಿ 24ರಂದು, ಜಾನ್ ಸಟರ್‌ಗಾಗಿ ಮರ ಕೊಯ್ಯುವ ಗಿರಣಿ ಕಟ್ಟಿಸುತ್ತಿದ್ದ ಬಡಗಿ ಜೇಮ್ಸ್ ಮಾರ್ಷಲ್ ಅದರ ಕಾಲುವೆಯಲ್ಲಿ ಚಿನ್ನದ ಚೂರುಗಳನ್ನು ಕಂಡನು. ಮರುವರ್ಷವೇ ದೇಶವಿದೇಶಗಳಿಂದ ಜನ ಹರಿದುಬಂದರು. ಅಲ್ಲಿನ ಮೂಲನಿವಾಸಿಗಳಾದ ನಿಸೆನಾನ್ ಜನರು ರೋಗಕ್ಕೂ ಹಿಂಸೆಗೂ ಬಲಿಯಾದರು.

ಮಾರ್ಷಲನ ಕೈಯಲ್ಲಿಯೂ ಚಿನ್ನ ನಿಲ್ಲಲಿಲ್ಲ. 1860ರ ದಶಕದಲ್ಲಿ ಅವನು ಕೊಲೋಮಾದಲ್ಲೇ ದ್ರಾಕ್ಷಿ ಬೆಳೆದನು. ಅದೂ ಕೈಗೂಡದೆ 1885ರಲ್ಲಿ ಬಡವನಾಗಿಯೇ ತೀರಿಕೊಂಡನು. 1890ರಲ್ಲಿ ಊರ ಗುಡ್ಡದ ಮೇಲೆ ನಿಲ್ಲಿಸಿದ ಅವನ ಪ್ರತಿಮೆ ಚಿನ್ನ ಸಿಕ್ಕ ಸ್ಥಳದತ್ತ ಬೆರಳು ತೋರುತ್ತಿದೆ.

ಹೊಳೆಯ ಚಿನ್ನ ಕೆಲವೇ ವರ್ಷಗಳಲ್ಲಿ ಬರಿದಾಯಿತು. ಸುತ್ತಲಿನ ಎಲ್ ಡೊರಾಡೊ, ಅಮಡೋರ್ ಸೀಮೆಗಳ ಇಳಿಜಾರುಗಳಲ್ಲಿ ದ್ರಾಕ್ಷಿಬಳ್ಳಿಗಳು ಇಂದಿಗೂ ಫಲ ಕೊಡುತ್ತಿವೆ. ನಮ್ಮ ಮಕ್ಕಳಿಗೆ ನಾವು ಬೆರಳಿಟ್ಟು ತೋರಿಸಬೇಕಾದದ್ದು ಯಾವುದನ್ನು?