ಹಕ್ಕಿಗೂ ನೀರಿಟ್ಟ ಊರು

ಆಫೀಸಿನ ಮೀಟಿಂಗಿನಲ್ಲಿ ‘ಗೆಸ್ಟ್ ಎಕ್ಸ್‌ಪೀರಿಯನ್ಸ್’ ಅಂತ ಸ್ಲೈಡ್ ಬಂದಾಗಲೆಲ್ಲ ನನಗೆ ನೆನಪಾಗುವುದು ಜೇವರ್ಗಿ ಸೀಮೆಯ ಅರಳಗುಂಡಗಿ. ಶರಣಬಸವೇಶ್ವರರು 1746ರಲ್ಲಿ ಹುಟ್ಟಿದ ಊರು. ಒಕ್ಕಲುತನದ ಮನೆ. ಹೊಲಕ್ಕೆ ಬಿದ್ದ ಹಕ್ಕಿಗಳನ್ನು ಓಡಿಸದೆ, ಕುಡಿಯಲು ನೀರಿಟ್ಟರು ಅನ್ನುವ ಕಥೆ ಆ ಕಡೆಯವರಿಗೆಲ್ಲ ಗೊತ್ತು. ಕಥೆಯೇ ಇರಬಹುದು, ಆದರೆ ದಾಸೋಹ ಕಥೆಯಲ್ಲ. ಊರಲ್ಲಿ ಶುರುವಾದದ್ದು ಕಲಬುರಗಿಗೆ ಬಂತು, 1822ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ನಿಲ್ಲಲಿಲ್ಲ.

ಹಾಗಂತ ಅದೇನು ನೀರಾವರಿ ಸೀಮೆಯಲ್ಲ ನೋಡಿ. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವು ಅಂತ ಹೆಸರಾದ 1791-92ರ ಬರ ದಖ್ಖನ್ನಿಗೆ ಬಡಿದದ್ದು ಅವರು ಬದುಕಿದ್ದಾಗಲೇ. ಅಂಥ ಕಾಲದಲ್ಲಿ ಬಂದವರಿಗೆ ಊಟಕ್ಕಿಡುವುದು ಬರೀ ಮರ್ಯಾದೆಯ ಮಾತಲ್ಲ, ಜೀವದ ಮಾತು.

ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಲೆಕ್ಕವೇ ಉಲ್ಟಾ. ಅಲ್ಲಿ ಯಾತ್ರಿಕರೇ ಮಧ್ಯಾಹ್ನ ಐದು ಮನೆ ಮಧುಕರಿ ಬೇಡಬೇಕು, ಕಾರಿನಲ್ಲಿ ಬಂದವರೂ! ಆ ಹೊತ್ತಿಗೆ ದತ್ತಾತ್ರೇಯನೂ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಜೋಳಿಗೆ ಹಿಡಿದವರಲ್ಲಿ ದತ್ತ ಯಾರೆಂದು ನೀಡುವವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಯಾರಿಗೂ ‘ಮುಂದ ಹೋಗ್ರಿ’ ಅನ್ನುವಂತಿಲ್ಲ.

ಆಳಂದದ ದರ್ಗಾದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.