ಡಿಗ್ರಿಯಲ್ಲಿ ಅರ್ಥಶಾಸ್ತ್ರ: ಸೀಟು ಸಿಗೋಕೆ ಗಣಿತ ಬೇಡ, ಮುಂದೆ ಹೋಗೋಕೆ ಬೇಕೇ ಬೇಕು

ಪಿಯುಸಿ ರಿಸಲ್ಟ್ ಬಂದ ಮೇಲೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೋಗಿ ಬಿಎ ಕಾಂಬಿನೇಷನ್ ಆರಿಸೋದು ತಾಲೂಕುಗಳಲ್ಲಿ ಮಾಮೂಲು. ಆದರೆ ಅರ್ಥಶಾಸ್ತ್ರದ ಮಟ್ಟಿಗೆ ಅರ್ಧ ತೀರ್ಮಾನ ಅದಕ್ಕೂ ಎರಡು ವರ್ಷ ಮೊದಲೇ, ಪಿಯುಸಿಗೆ ಸೇರುವಾಗಲೇ ಆಗಿಹೋಗಿರುತ್ತದೆ.

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಿಎ ಸೇರಲು ಪಿಯುಸಿ ಪಾಸಾಗಿದ್ದರೆ ಸಾಕು. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಆಗುತ್ತೆ, ಗಣಿತ ಕೇಳಲ್ಲ. ದೆಹಲಿ ವಿಶ್ವವಿದ್ಯಾಲಯದ ಬಿಎ ಆನರ್ಸ್ ಅರ್ಥಶಾಸ್ತ್ರಕ್ಕೆ ಮಾತ್ರ ಹಾಗಲ್ಲ. ಅಲ್ಲಿಗೆ ಸಿಯುಇಟಿ ಪರೀಕ್ಷೆಯಲ್ಲಿ ಗಣಿತ ಬರೆಯಲೇಬೇಕು. ಎಚ್‌ಇಪಿಎಸ್ ಓದಿದ ಹುಡುಗಿ ಎಷ್ಟೇ ಮಾರ್ಕ್ಸ್ ತೆಗೆದರೂ ಆ ಬಾಗಿಲು ಅವಳಿಗೆ ತೆರೆಯಲ್ಲ. ಹತ್ತನೇ ಕ್ಲಾಸ್ ಮುಗಿಸಿದ ಮಕ್ಕಳಿಗೆ ಇದನ್ನು ಯಾರೂ ಹೇಳೋದಿಲ್ಲ ಅನ್ನೋದೇ ಬೇಸರದ ಸಂಗತಿ.

ಕೋರ್ಸ್ ಎಷ್ಟು ವರ್ಷ ಅನ್ನೋ ಗೊಂದಲ ಇನ್ನೂ ಇದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ನಾಲ್ಕನೇ ವರ್ಷದ ಆನರ್ಸ್‌ಗೂ ಅವಕಾಶವಿತ್ತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು, 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಈಗ ಸೇರುವವರು ಹಳೇ ಕಾಲದಂತೆ ಮೂರು ವಿಷಯ ಓದಬೇಕು. ಉದಾಹರಣೆಗೆ ಎಚ್‌ಇಪಿ ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಜೊತೆಗೆ ಎರಡು ಭಾಷೆ, ಸಂವಿಧಾನದಂಥ ಕಡ್ಡಾಯ ಪೇಪರ್.

ಅರ್ಥಶಾಸ್ತ್ರದಲ್ಲಿ ಮೊದಲು ಬರೋದು ಸೂಕ್ಷ್ಮ ಮತ್ತು ಸಮಗ್ರ ಅರ್ಥಶಾಸ್ತ್ರ. ಟೊಮೆಟೊ ರೇಟು ಏರಿದರೆ ಗಿರಾಕಿ ಒಂದು ಕೆಜಿ ಬದಲು ಅರ್ಧ ಕೆಜಿ ಒಯ್ಯುತ್ತಾನೆ, ಉಪ್ಪಿನ ರೇಟು ಏರಿದರೂ ಮೊದಲಿನಷ್ಟೇ ಒಯ್ಯುತ್ತಾನೆ. ಅಂಗಡಿಯವರಿಗೆ ಗೊತ್ತಿರೋ ಈ ವಿಷಯಕ್ಕೆ ಪುಸ್ತಕದಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂತಾರೆ. ಹೆಸರು ನೋಡಿ ಹೆದರಬೇಕಿಲ್ಲ. ಆಮೇಲೆ ಭಾರತದ ಮತ್ತು ಕರ್ನಾಟಕದ ಆರ್ಥಿಕತೆ, ಹಣ ಮತ್ತು ಬ್ಯಾಂಕಿಂಗ್, ಸಾರ್ವಜನಿಕ ಹಣಕಾಸು, ಅಂತಾರಾಷ್ಟ್ರೀಯ ವ್ಯಾಪಾರ ಬರುತ್ತವೆ. ಮಕ್ಕಳು ಸಾಮಾನ್ಯವಾಗಿ ಎಡವೋದು ಸಂಖ್ಯಾಶಾಸ್ತ್ರದ ಪೇಪರ್‌ನಲ್ಲಿ. ಸರಾಸರಿ, ಸಹಸಂಬಂಧ, ಸೂಚ್ಯಂಕಗಳನ್ನು ಬಾಯಿಪಾಠ ಮಾಡಿ ಬರೆಯೋಕಾಗಲ್ಲ.

ಮಗ ಅಂಗಡಿ ಲೆಕ್ಕ ನೋಡ್ಕೊಳ್ಳಲಿ, ಜಿಎಸ್‌ಟಿ ರಿಟರ್ನ್ ಹಾಕಲಿ ಅಂತ ಈ ವಿಷಯ ಕೊಡಿಸುವ ತಂದೆಯರಿದ್ದಾರೆ. ಅದಕ್ಕೆ ಬಿಕಾಂ ಸರಿ. ಬಿಎಯಲ್ಲಿ ತೆರಿಗೆ ಯಾಕೆ ಹಾಕ್ತಾರೆ, ಭಾರ ಯಾರ ಮೇಲೆ ಬೀಳುತ್ತೆ ಅಂತ ಓದುತ್ತಾರೆಯೇ ಹೊರತು ಖಾತೆ ಬರೆಯೋದನ್ನಲ್ಲ.

ಕೆಎಎಸ್, ಬ್ಯಾಂಕ್ ಕ್ಲರ್ಕ್ ಪರೀಕ್ಷೆಗಳಿಗೆ ಯಾವ ಡಿಗ್ರಿ ಆದರೂ ನಡೆಯುತ್ತೆ. ಅರ್ಥಶಾಸ್ತ್ರದ್ದೇ ಕೆಲಸ ಬೇಕೆಂದರೆ ಎಂಎ ಬೇಕು. ಪಿಯು ಉಪನ್ಯಾಸಕರಿಗೆ ಎಂಎ ಜೊತೆ ಬಿಎಡ್, ಡಿಗ್ರಿ ಕಾಲೇಜಿಗೆ ಎಂಎಯಲ್ಲಿ ಶೇ. 55 ಅಂಕದ ಜೊತೆ ನೆಟ್ ಅಥವಾ ಕೆಸೆಟ್. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವೀಸ್ ಪರೀಕ್ಷೆಗೂ ಸ್ನಾತಕೋತ್ತರ ಪದವಿ ಕಡ್ಡಾಯ. ಎಂಎಯಲ್ಲಿ ಗಣಿತ, ಎಕನಾಮೆಟ್ರಿಕ್ಸ್ ಎದುರಾಗೋದರಿಂದ, ಪಿಯುಸಿಯಲ್ಲಿ ಗಣಿತ ಬಿಟ್ಟವರು ಡಿಗ್ರಿಯ ಮೂರು ವರ್ಷದಲ್ಲಿ ಕಲನಶಾಸ್ತ್ರದ ಬುಡವನ್ನಾದರೂ ಕಲಿತುಕೊಳ್ಳೋದು ಒಳ್ಳೆಯದು. ಕಾಲೇಜಿನ ಗಣಿತ ಮೇಷ್ಟ್ರನ್ನೇ ಕೇಳಬಹುದು.

ಪ್ರವೇಶದ ಅರ್ಜಿ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಟಿಸಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ರೆಡಿ ಇಟ್ಟುಕೊಳ್ಳಿ. ಸೈಬರ್ ಸೆಂಟರ್‌ನವರು ಕಾಂಬಿನೇಷನ್ ಕ್ಲಿಕ್ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿ. ಅಂಗಡಿ ಬಿಟ್ಟು ದಿನಾ ಕ್ಲಾಸಿಗೆ ಹೋಗಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಬಿಎಯಲ್ಲೂ ಅರ್ಥಶಾಸ್ತ್ರ ಇದೆ.